ಕೊನೆಗೆ ಉಂಡವರು

ನಮ್ಮೂರಿನಲ್ಲಿ ಹಸಿವು ಇಲ್ಲ ಎಂದು ಮೊದಲು ಕೈ ಎತ್ತಿದವಳು ನಾನೇ. ಚಾಮರಾಜನಗರದ ಒಂದು ಸಭಾಂಗಣದಲ್ಲಿ ತರಬೇತಿ ನಡೆಯುತ್ತಿತ್ತು. ಪರದೆಯ ಮೇಲೆ ಹದಿನೇಳು ಬಣ್ಣದ ಚೌಕಗಳು. ಲೋಕದ ದೇಶಗಳೆಲ್ಲ ಕೂತು ಒಪ್ಪಿಕೊಂಡ ಗುರಿಗಳಂತೆ ಅವು. ಎರಡು ಸಾವಿರದ ಮೂವತ್ತನೇ ಇಸವಿಯೊಳಗೆ ಬಡತನ ಇರಕೂಡದು, ಹಸಿವು ಇರಕೂಡದು, ಎಲ್ಲರಿಗೂ ಒಳ್ಳೆಯ ನೀರು ಸಿಗಬೇಕು, ಕಾಡು ಉಳಿಯಬೇಕು. ಪಾಠ ಹೇಳಲು ಬಂದವರು ಒಳ್ಳೆಯ ಮನುಷ್ಯರು, ಆದರೆ ಅವರ ಕನ್ನಡಕ್ಕೆ ಇಸ್ತ್ರಿ ಜಾಸ್ತಿಯಾಗಿತ್ತು. "ತಮ್ಮ ಗ್ರಾಮಗಳಲ್ಲಿ ಹಸಿವಿನಿಂದ ಬಳಲುವ ಕುಟುಂಬಗಳು ಇಲ್ಲವೆನ್ನುವವರು ದಯವಿಟ್ಟು ಕೈ ಎತ್ತಿ" ಎಂದರು. ಊಟದ ಬಿಡುವಿಗೆ ಇನ್ನು ಹತ್ತು ನಿಮಿಷವಿತ್ತು, ಹೊರಗಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ನಾನು ಕೈ ಎತ್ತಿದೆ. ನನ್ನ ಹಿಂದೆ ಎಲ್ಲರೂ ಎತ್ತಿದರು.

ನಾನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಹುಟ್ಟಿದ್ದು ಉಮ್ಮತ್ತೂರು, ಮದುವೆಯಾಗಿ ಬಂದದ್ದು ತೆರಕಣಾಂಬಿಯ ಹತ್ತಿರದ ಈ ಊರಿಗೆ. ಕೆಲಸ ದೊಡ್ಡದೇನಲ್ಲ. ಪೇಪರು ಜೋಡಿಸುವುದು, ಪುಸ್ತಕದ ಧೂಳು ಹೊಡೆಯುವುದು, ಪೊಲೀಸ್ ಪರೀಕ್ಷೆಗೆ ಓದಲು ಬರುವವರು ಫ್ಯಾನಿನ ಕೆಳಗೆ ನಿದ್ದೆ ಹೋಗದ ಹಾಗೆ ನೋಡಿಕೊಳ್ಳುವುದು. ಯಾರೂ ಒಲ್ಲದ ಕೆಲಸವೊಂದು ಪಂಚಾಯಿತಿಗೆ ಬಂದಾಗ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತದೆ. "ಲೈಬ್ರರಿ ಮೇಡಮ್ಮ ಅವ್ರಲ್ಲ, ಸುಮ್ನೆ ಕೂತಿರ್ತಾರ, ಅವ್ರಿಗೇ ಕೊಡಿ" ಅನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿದುಕೊಂಡೇ ಕೆಲಸ ಮಾಡಿ ಮುಗಿಸುತ್ತೇನೆ, ಅದು ಅವರಿಗೂ ಗೊತ್ತು.

ಹದಿನೇಳು ಗುರಿಗಳಲ್ಲಿ ನಮ್ಮ ಪಂಚಾಯಿತಿ ಎರಡನೆಯದನ್ನು ಆರಿಸಿಕೊಂಡಿತ್ತು: ಹಸಿವು ಮುಕ್ತ ಗ್ರಾಮ. ನೀರು, ಚರಂಡಿ, ಕಸ ಇವುಗಳಲ್ಲಿ ಯಾವುದನ್ನು ಹಿಡಿದಿದ್ದರೂ ನಿಜವಾಗಿ ಕೆಲಸ ಮಾಡಬೇಕಾಗುತ್ತಿತ್ತು. ಹಸಿವಾದರೆ ಹೇಗೂ ಇಲ್ಲವಲ್ಲ. ಮನೆ ಮನೆಗೆ ಹೋಗಿ ಇಲ್ಲ ಎಂದು ಬರೆದುಕೊಂಡು ಬಂದರೆ ಗ್ರಾಮಸಭೆಯಲ್ಲಿ ಘೋಷಿಸಿ, ಊರ ಬಾಗಿಲಿಗೆ ಬೋರ್ಡು ಹಾಕಿಸಿ, ಫೋಟೊ ತೆಗೆಸಿಕೊಳ್ಳಬಹುದು. ಅಕಸ್ಮಾತ್ ಒಂದು ಮನೆ ಸಿಕ್ಕಿದರೆ ಆ ಮನೆಗೆ ಪಂಚಾಯಿತಿಯಿಂದ ಕೂಡಲೇ ಅಕ್ಕಿ, ರಾಗಿ. ಆಮೇಲೆ ಕಡು ಬಡವರಿಗೆ ಕೊಡುವ ದೊಡ್ಡ ರೇಷನ್ ಕಾರ್ಡಿಗೆ ಶಿಫಾರಸು. ಸಿಕ್ಕುವುದಿಲ್ಲ ಎಂದು ಎಲ್ಲರಿಗೂ ಧೈರ್ಯವಿತ್ತು.

ಮೇ ತಿಂಗಳ ಬಿಸಿಲಿನಲ್ಲಿ ಟ್ಯಾಬು ಹಿಡಿದು ಬೀದಿ ಸುತ್ತಿದೆ. ಮೊದಲ ದಿನವೇ ನನಗೆ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ. ನಮ್ಮ ಕಡೆ ಹೊಸಿಲ ಬಳಿ ನಿಂತವರು "ಉಂಡ್ರಾ?" ಎಂದು ಕೇಳಿದರೆ "ಉಂಡೆ" ಎಂದೇ ಹೇಳಬೇಕು. ಉಂಡಿಲ್ಲ ಎಂದರೆ ಕೇಳಿದವರು ಕರೆದು ಬಡಿಸಬೇಕಾಗುತ್ತದೆ, ಅವರ ಮಡಕೆಯಲ್ಲಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಆದ್ದರಿಂದ ಎಲ್ಲರದೂ ಊಟವಾಗಿರುತ್ತದೆ, ಯಾವಾಗಲೂ. ಆ ಟ್ಯಾಬಿನಲ್ಲಿ ಇದ್ದ ಪ್ರಶ್ನೆಯೂ ಅದೇ: ಕಳೆದ ತಿಂಗಳಲ್ಲಿ ಯಾವತ್ತಾದರೂ ಊಟ ಬಿಟ್ಟಿದ್ದೀರಾ? ಬಿಟ್ಟಿದ್ದರೆ ಕಾರಣವೇನು? ಕಾರಣಕ್ಕೆ ಒತ್ತಲು ನಾಲ್ಕು ಚೌಕದ ಮನೆಗಳಿದ್ದವು. ಆಹಾರದ ಕೊರತೆ, ಅನಾರೋಗ್ಯ, ಧಾರ್ಮಿಕ ಕಾರಣ, ಇತರೆ. ಗಂಡಸರು "ಬುಡ್ತಾರಾ ಯಾರಾದ್ರೂವೆ?" ಎಂದು ನಕ್ಕರು. ಹೆಂಗಸರು ಬಿಟ್ಟಿದ್ದರು. ಸೋಮವಾರ ಒಪ್ಪತ್ತು, ಶನಿವಾರ ಒಪ್ಪತ್ತು, ಅಂದರೆ ದಿನಕ್ಕೆ ಒಂದೇ ಹೊತ್ತು ಊಟ. ನಾನು ಮೂರನೇ ಮನೆ ಒತ್ತುತ್ತಾ ಹೋದೆ. ನಮ್ಮೂರ ಹೆಂಗಸರ ಭಕ್ತಿ ಕಂಡು ನನಗೇ ಹೆಮ್ಮೆ ಅನ್ನಿಸುತ್ತಿತ್ತು.

ಅಡುಗೆ ಅಕ್ಕನ ಮನೆಗೆ ಹೋದದ್ದು ಒಂದು ಸೋಮವಾರ. ಅಕ್ಕ ಎಂದರೆ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುವವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದೊಬ್ಬ ಮಗಳನ್ನು ಹಿಂದಿನ ವರ್ಷ ಇದೇ ಪಂಚಾಯಿತಿಯ ಪಕ್ಕದ ಊರಿಗೇ ಕೊಟ್ಟಿದ್ದರು. ಗ್ರಂಥಾಲಯಕ್ಕೂ ಶಾಲೆಯ ಅಡುಗೆಮನೆಗೂ ನಡುವೆ ಒಂದು ಮೋಟು ಗೋಡೆ. ಹನ್ನೊಂದೂವರೆಗೆ ಅಲ್ಲಿ ಒಗ್ಗರಣೆ ಬಿದ್ದರೆ ಇಲ್ಲಿ ಓದುವವರು ಪುಸ್ತಕ ಮಡಚುತ್ತಿದ್ದರು. ಮಕ್ಕಳದೆಲ್ಲ ಆದ ಮೇಲೆ ಅಕ್ಕ ಗೋಡೆಯ ಮೇಲಿಂದ ಒಂದು ಬಟ್ಟಲು ಸಾರು ದಾಟಿಸಿ "ಉಪ್ಪು ಸರ್ಯಾಗದಾ ನೋಡಮ್ಮಿ" ಎನ್ನುವರು. ಉಪ್ಪು ಯಾವತ್ತೂ ಸರಿಯಾಗಿಯೇ ಇರುತ್ತಿತ್ತು. ಯಾರಾದರೂ ಉಣ್ಣುವುದನ್ನು ನೋಡುವುದು ಅವರಿಗೆ ಇಷ್ಟ, ಅಷ್ಟೆ.

ಅವತ್ತು ಮಗಳೂ ಇದ್ದಳು. ಎಂಟನೇ ತಿಂಗಳು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗೋಡೆಗೆ ಒರಗಿ ಕಾಲು ಚಾಚಿ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಒಳೀಕ್ ಬಾ ಕಣಮ್ಮಿ, ಬಿಸ್ಲಲ್ಲಿ ಯಾಕ ನಿಂತಿದ್ದೀಯೆ" ಎಂದು ಅಕ್ಕ ಚಾಪೆ ಹಾಸಿದರು.

ನಾನು ಪ್ರಶ್ನೆಗಳನ್ನು ಕೇಳುತ್ತಾ ಹೋದೆ. ಊಟ ಬಿಟ್ಟ ದಿನಗಳ ಪ್ರಶ್ನೆ ಬಂತು.

"ಬುಟ್ಟಿವ್ನಿ ಕಣ" ಎಂದರು ಅಕ್ಕ. "ಸೋಮ್ವಾರ ಮಾದಪ್ಪನ್ದು. ಗುರ್ವಾರ ಒಂದ. ಶನ್ವಾರ ಒಂದ. ಅಮಾಸೆ ದಿನ ಬರೀ ನೀರು." ಮಗಳ ಕಡೆ ಗಲ್ಲ ತೋರಿಸಿ, "ಇವ್ಳ ಎರ್ಗೆ ಸುಸೂತ್ರ ಆಗ್ಲಿ ಅಂತ ಅರ್ಕೆ ಒತ್ಕಂಡಿವ್ನಿ" ಎಂದರು.

ಮಗಳಿಗಾಗಿ ಇಷ್ಟು ಕಠಿಣ ಹರಕೆ ಹೊತ್ತ ತಾಯಿಯನ್ನು ನೋಡಿ ನನ್ನ ಕಣ್ಣು ತೇವವಾಯಿತು. ಧಾರ್ಮಿಕ ಕಾರಣ ಎಂದು ಒತ್ತಿದೆ. ನನ್ನ ಬೆರಳು ಒಂದು ಕ್ಷಣವೂ ತಡೆಯಲಿಲ್ಲ. ಅಕ್ಕ ಕಾಫಿ ಕೊಟ್ಟರು, ಹಾಲಿರಲಿಲ್ಲ. "ಆಲು ಒಡ್ದೋಯ್ತು ಕಣ, ಬೇಜಾರ್ ಮಾಡ್ಕಬ್ಯಾಡ" ಎಂದರು. ಬೇಸಿಗೆಯಲ್ಲಿ ಹಾಲು ಒಡೆಯುವುದು ಸಹಜ, ಕುಡಿದು ಎದ್ದೆ. ಮಗಳು ಅಷ್ಟು ಹೊತ್ತೂ ನನ್ನ ಕೈಯಲ್ಲಿದ್ದ ಟ್ಯಾಬನ್ನೇ ನೋಡುತ್ತಿದ್ದಳು.

ಮೂರು ದಿನ ಬಿಟ್ಟು ಅವಳು ಗ್ರಂಥಾಲಯಕ್ಕೆ ಬಂದಳು. ಮಧ್ಯಾಹ್ನ, ಯಾರೂ ಇರಲಿಲ್ಲ. ಬಾಣಂತನದ ಪುಸ್ತಕ ಇದೆಯಾ ಎಂದು ಕೇಳಿದಳು. ಕೊಟ್ಟೆ. ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು.

"ಚಿಕ್ಕವ್ವ, ನಮ್ಮಟ್ಟಿ ಇಸ್ಯ ಯಾನಂತ ಬರ್ಕಂಡ್ರಿ?"

"ನಿಮ್ಮವ್ವ ಏಳ್ದಂಗೆ ಬರ್ಕಂಡೆ ಕಣವ್ವ. ಒಪ್ಪತ್ತು ಅಂತ."

ಅವಳು ಪುಸ್ತಕ ಮಡಚಿ ಹೇಳಿದಳು. "ಇಸ್ಕೂಲ್ ನಡಿವಾಗ ನಮ್ಮವ್ವ ಒಂದ್ ಸೋಮ್ವಾರನೂ ಒಪ್ಪತ್ತು ಇರ್ತಿರ್ನಿಲ್ಲ. ರಜ ಬಂದ್ಮ್ಯಾಕೆ ದೇವ್ರು ಬಂದವ್ನೆ."

ನನಗೆ ತಕ್ಷಣ ಅರ್ಥವಾಯಿತು ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಅವಳೇ ಬಿಡಿಸಿ ಹೇಳಬೇಕಾಯಿತು. ಶಾಲೆ ಇದ್ದಾಗ ಅಕ್ಕನ ಮಧ್ಯಾಹ್ನದ ಊಟ ಅಲ್ಲೇ ಆಗುತ್ತಿತ್ತು, ತಿಂಗಳಿಗಿಷ್ಟು ಗೌರವಧನವೂ ಬರುತ್ತಿತ್ತು. ಬೇಸಿಗೆ ರಜೆಯಲ್ಲಿ ಎರಡೂ ಇಲ್ಲ. ಮಗಳ ಹೆಸರು ಗಂಡನ ಮನೆಯ ಕಾರ್ಡಿಗೆ ಹೋಗಿತ್ತು. ಹಾಗಾಗಿ ಇಲ್ಲಿ ಅಕ್ಕನದು ಒಬ್ಬಳ ಕಾರ್ಡು, ಒಬ್ಬಳ ಅಕ್ಕಿ. ಬಸುರಿಯರಿಗೆ ಅಂಗನವಾಡಿಯಲ್ಲಿ ಕೊಡುವ ಊಟವೂ ಗಂಡನ ಊರಿನಲ್ಲೇ ಬರೆಸಿತ್ತು. ಕೂಲಿಗೆ ಹೋಗೋಣವೆಂದರೆ ದಿನ ತುಂಬುತ್ತಿರುವ ಮಗಳನ್ನು ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿಲ್ಲ.

"ನಾನು ಒಟ್ಟೆ ತುಂಬ್ತು ಅಂತ ತಪ್ಪಲೇಲಿ ವಸಿ ಬುಟ್ರೆ, ಅದ್ನೇ ಬೆಳಿಗ್ಗೆ ಬಿಸಿ ಮಾಡಿ ನಂಗೇ ಇಕ್ತಾಳೆ. ಕೇಳುದ್ರೆ ಶನ್ವಾರ ಅಂತಾಳೆ. ಮೊನ್ನೆ ಬುಧ್ವಾರ ಕಣ ಚಿಕ್ಕವ್ವ, ಬುಧ್ವಾರ ಯಾವ್ ದೇವ್ರದು?"

ಟ್ಯಾಬಿನಲ್ಲಿದ್ದದ್ದನ್ನೆಲ್ಲ ಹಿಂದಿನ ದಿನವೇ ಕಳಿಸಿಬಿಟ್ಟಿದ್ದೆ. ನಾಳೆ ನೋಡನ ಕಣವ್ವ ಎಂದು ಅವಳನ್ನು ಮನೆಗೆ ಕಳಿಸಿದೆ, ಬಾಗಿಲು ಹಾಕಿಕೊಂಡು ಕೂತೆ. ವರ್ಷವಿಡೀ ಆ ಗೋಡೆಯ ಮೇಲಿಂದ ಸಾರು ಇಸಿದುಕೊಂಡು ಕುಡಿದವಳು ನಾನು. ರಜೆಯಲ್ಲಿ ಆ ಹೆಂಗಸು ಏನು ಉಣ್ಣುತ್ತಾಳೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾರನೆಯ ದಿನ ಕಾಗದಗಳಿಗೆ ಸಹಿ ಹಾಕಿಸಲು ಚಾಮರಾಜನಗರಕ್ಕೆ ಹೋಗಬೇಕಿತ್ತು. ಕೆಲಸ ಬೇಗ ಮುಗಿಯಿತು. ವಾಪಸು ಬರುವ ಬಸ್ಸು ಹತ್ತುವ ಬದಲು ಉಮ್ಮತ್ತೂರಿನ ಬಸ್ಸು ಹತ್ತಿದೆ. ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ ಅವ್ವನನ್ನು ನೋಡಿ ಬಹಳ ದಿನವಾಯಿತು ಎಂದಿರುತ್ತಿದ್ದೆ.

ಅವ್ವ ಅಣ್ಣನ ಮನೆಯ ಜಗುಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ಅತ್ತಿಗೆ ಊಟಕ್ಕಿಟ್ಟರು. ಅವ್ವನೂ ನನ್ನ ಪಕ್ಕ ಕೂತು ಚೆನ್ನಾಗಿ ಉಂಡಳು. ಅದು ಶನಿವಾರ. ನಾವು ಚಿಕ್ಕವರಿದ್ದಾಗ ಅವ್ವ ಶನಿವಾರ ಮಧ್ಯಾಹ್ನ ಉಂಡದ್ದನ್ನು ನಾನು ನೋಡಿದ ನೆನಪಿಲ್ಲ. ವಾರಕ್ಕೆ ನಾಲ್ಕು ದಿನ ಅವಳದು ಒಪ್ಪತ್ತು. ನಮ್ಮವ್ವನಷ್ಟು ಭಕ್ತಿ ಯಾರ ಅವ್ವನಿಗೂ ಇಲ್ಲ ಎಂದು ಶಾಲೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಇನ್ನೊಂದು ಮಾತೂ ಹೇಳಬೇಕು. ಅವಳ ಒಪ್ಪತ್ತಿನ ದಿನ ಬಂದರೆ ನನಗೆ ಖುಷಿ, ಯಾಕೆಂದರೆ ಮನೆಗೆ ಕೊನೆಯ ಮಗಳಾದ ನನಗೆ ಅವಳ ಪಾಲಿನ ಅರ್ಧ ಮುದ್ದೆ ಸಿಗುತ್ತಿತ್ತು.

ಊಟವಾದ ಮೇಲೆ ಜಗುಲಿಗೆ ಬಂದು ಕೇಳಿದೆ. "ಅವ್ವ, ಆಗ ವಾರುಕ್ ನಾಕ್ ದಿನ ಒಪ್ಪತ್ತು ಇರ್ತಿದ್ದಲ್ಲ, ಈಗ್ಯಾಕ ಬುಟ್ಬುಟ್ಟೆ?"

"ವಯಸ್ಸಾಯ್ತು ಕಣ್ ಕೂಸೆ."

"ವಯಸ್ಸಾದ್ಮೇಲೆ ಭಕ್ತಿ ಜಾಸ್ತಿ ಆಗ್ಬೇಕು. ನಿಂದು ಯಾನ ಕಮ್ಮಿ ಆಗ್ಬುಟ್ಟದ?"

ಅವ್ವ ನಕ್ಕಳು. ಒಂದು ಹಣ್ಣು ಎತ್ತಿ ಕುಟ್ಟಿದಳು, ಬೀಜ ಈಚೆ ಹಾಕಿದಳು. ನಾನು ಬಿಡಲಿಲ್ಲ, ನಿಜ ಏಳವ್ವ ಎಂದೆ. ಅವಳು ನನ್ನ ಮುಖ ನೋಡದೆ ಹೇಳಿದಳು: "ದೇವ್ರೆಸ್ರು ಏಳುದ್ರೆ ಯಾರೂ ತಿರ್ಗಿ ಕೇಳಾಕಿಲ್ಲ ಕಣಮ್ಮಿ. ಅದ್ಕೆ." ಇನ್ನೊಂದು ಹಣ್ಣು ಎತ್ತಿಕೊಂಡಳು. "ನೀವು ನಾಕ್ ಜನ ಇದ್ರಿ."

ನಾನು ಅಲ್ಲೇ ಅತ್ತುಬಿಟ್ಟೆ. ಅವ್ವನಿಗೆ ಗಾಬರಿಯಾಯಿತು. ಗಂಡನ ಮನೆಯಲ್ಲಿ ಏನಾಯಿತು ಎಂದು ಕೇಳತೊಡಗಿದಳು. ಏನೂ ಆಗಿಲ್ಲ ಎಂದು ಹೇಳಿ, ಅವಳು ಕಟ್ಟಿಕೊಟ್ಟ ಹುಣಸೆಹಣ್ಣು ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ಆ ಮೂರನೇ ಮನೆಯನ್ನು ಎಷ್ಟು ಸಾರಿ ಒತ್ತಿದ್ದೆ?

ಸೋಮವಾರ ನಮ್ಮ ಪಂಚಾಯಿತಿಯ ಅಧಿಕಾರಿ ಪಿಡಿಓ ಸಾಹೇಬರ ಮುಂದೆ ಹೋಗಿ ನಿಂತೆ. ಅವರು ಕೆಟ್ಟವರಲ್ಲ, ನಿಯಮದ ಮನುಷ್ಯ. ಕಳಿಸಿದ ಮೇಲೆ ತಿದ್ದಲು ಬರುವುದಿಲ್ಲ, ತಿದ್ದಬೇಕಾದರೆ ಗ್ರಾಮಸಭೆಯಲ್ಲಿ ಆಕ್ಷೇಪಣೆ ಬರಬೇಕು, ಇಂಥವರ ಮನೆ ಎಂದು ಹೆಸರು ಹೇಳಬೇಕು, ಹೇಳಿದ್ದನ್ನು ಓದಿ ನಡಾವಳಿಯಲ್ಲಿ ಬರೆಯಬೇಕು ಎಂದರು. ಸಭೆ ಶುಕ್ರವಾರ. ಬೋರ್ಡು ಬರೆಯುವವನಿಗೆ ಗುಂಡ್ಲುಪೇಟೆಯಲ್ಲಿ ಆಗಲೇ ಹೇಳಿಯಾಗಿತ್ತು.

ಆ ಸಂಜೆಯೇ ಅಕ್ಕನ ಮನೆಗೆ ಹೋದೆ. ಅವರು ಬೇಲಿಯ ಬದಿಯಲ್ಲಿ ಸೊಪ್ಪು ಕೀಳುತ್ತಿದ್ದರು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನೇರವಾಗಿ ಹೇಳಿದೆ, ನಿಮ್ಮ ಮನೆ ಪಟ್ಟಿಗೆ ಬರಬೇಕು ಅಕ್ಕ, ನಾನು ಸಭೆಯಲ್ಲಿ ಹೇಳುತ್ತೇನೆ ಎಂದು. ಅವರು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಮಡಿಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು.

"ಯಾರ್ ಏಳುದ್ರು ನಿಂಗೆ?"

ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಅವರಿಗೆ ಗೊತ್ತಾಯಿತು, ಒಳಗೆ ಮಲಗಿದ್ದ ಮಗಳ ಕಡೆ ಒಂದು ಸಾರಿ ನೋಡಿದರು.

"ಆ ಸಭೇಲಿ ಮೆಂಬರಾಗಿ ಕೂರೋರು ಯಾರು ಗೊತ್ತಾ? ನನ್ನಳಿಯನ ದೊಡ್ಡಪ್ಪ. ಬಸ್ರಿ ಎಂಗ್ಸುನ ಅವ್ವನ ಅಟ್ಟಿಗ್ ಕಳ್ಸವ್ರೆ, ಅಲ್ಲಿ ಕೂಳಿಲ್ಲ ಅಂತ ಊರೆಲ್ಲ ಸಾರ್ಬುಟ್ರೆ ನಾಳೆ ನನ್ ಮಗ್ಳು ಆ ಅಟ್ಟೀಲಿ ಎಂಗ್ ತಲೆ ಎತ್ಕಂಡು ತಿರ್ಗಾಡದು? ಬಾಯ್ ಬುಟ್ರೆ ಬಣ್ಣಗೇಡು ಕಣಮ್ಮಿ. ಜೂನ್‍ಗೆ ಇಸ್ಕೂಲ್ ಸುರುವಾಯ್ತದೆ. ಅಲ್ಲೀಗಂಟ ನಾ ತಡ್ಕತೀನಿ."

"ಅಲ್ಲೀಗಂಟ ನಿಮ್ಗೇನಾದ್ರೂ ಆದ್ರೆ ಆ ಎಣ್ಣಿನ ಬಾಣಂತನ ಯಾರ್ ಮಾಡ್ತಾರಕ್ಕ?"

ಅವರು ಮತ್ತೆ ಸೊಪ್ಪು ಕೀಳಲು ಹೊರಟರು. ನಾನು ಗೇಟಿನ ಹತ್ತಿರ ಹೋದಾಗ ಬೆನ್ನ ಹಿಂದಿನಿಂದ, "ನನ್ನೆಸ್ರು ಏಳಿದ್ರೆ ನಿನ್ ಮೊಕ ನೋಡಾಕಿಲ್ಲ" ಎಂದರು. ಅವರು ನನ್ನ ಹತ್ತಿರ ಹಾಗೆ ಮಾತಾಡಿದ್ದು ಅದೇ ಮೊದಲು.

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಹೆಸರು ಹೇಳಿದರೆ ಆ ಮನೆಗೆ ಅಕ್ಕಿ ಬರುತ್ತದೆ, ಮಾನ ಹೋಗುತ್ತದೆ. ಹೇಳದಿದ್ದರೆ ಮಾನ ಉಳಿಯುತ್ತದೆ, ಅಕ್ಕ ಉಳಿಯುತ್ತಾರೋ ಇಲ್ಲವೋ. ನಮ್ಮ ಮನೆಯಿಂದ ಒಂದು ಚೀಲ ರಾಗಿ ಕಳಿಸಬಹುದಿತ್ತು, ಅವರು ಇಸಿದುಕೊಳ್ಳುವವರಲ್ಲ. ಗುಂಡ್ಲುಪೇಟೆ ಮಂಡಿಗೆ ತರಕಾರಿ ಹೊಡೆಯುವ ನನ್ನ ಗಂಡ ನನ್ನ ಮುಖ ನೋಡಿ, "ಯಾನ, ನೀನೂ ಒಪ್ಪತ್ತಾ?" ಎಂದು ತಮಾಷೆ ಮಾಡಿದರು. ತಟ್ಟೆ ಕುಕ್ಕಿ ಎದ್ದುಹೋದೆ. ಪಾಪ, ಅವರಿಗೇನು ಗೊತ್ತು.

ಶುಕ್ರವಾರ ಸಮುದಾಯ ಭವನದಲ್ಲಿ ಸಭೆ ಸೇರಿತು. ಅಧ್ಯಕ್ಷೆ ಒಬ್ಬ ಹೆಂಗಸು. ಹೆಂಗಸೆಂದರೆ, ಕುರ್ಚಿಯಲ್ಲಿ ಅವರು ಕೂರುವುದು, ಪಕ್ಕದಲ್ಲಿ ನಿಂತು ಅವರ ಯಜಮಾನರು ಮಾತಾಡುವುದು. ಅಳಿಯನ ದೊಡ್ಡಪ್ಪ ಮೊದಲ ಸಾಲಿನಲ್ಲಿದ್ದರು. ಅಕ್ಕ ಹಿಂದೆ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದರು, ನಾನು ಏನು ಮಾಡುತ್ತೇನೋ ಎಂದು ನೋಡಲಿಕ್ಕೇ ಬಂದಿದ್ದರು. ಪಿಡಿಓ ಸಾಹೇಬರು ವರದಿ ಓದಿದರು. ಆಹಾರದ ಕೊರತೆಯ ಮನೆ ಒಂದೂ ಇಲ್ಲ. ಚಪ್ಪಾಳೆ ಬಿತ್ತು. ಆಕ್ಷೇಪಣೆ ಇದೆಯೇ ಎಂದರು.

ಎದ್ದು ನಿಂತೆ. ಬಾಯಿಯಿಂದ 'ಆ ಮನೆ' ಎಂಬ ಮಾತು ಬರಲಿಲ್ಲ. ಬೇರೆಯದೇ ಬಂತು.

"ತಪ್ಪು ನನ್ದು. ನಾನೇ ತಪ್ಪಾಗಿ ಬರ್ಕಂಡ್ ಬಂದಿವ್ನಿ. ಧಾರ್ಮಿಕ ಕಾರಣ ಅಂತ ಯಾವ್ಯಾವ್ ಮನೆಗೆ ಬರ್ದಿದ್ದೀನೋ ಅಷ್ಟು ಮನೆಗೂ ಇನ್ನೊಂದ್ಸಾರಿ ಓಗ್ಬೇಕು."

"ಯಾಕ ಮೇಡಮ್ಮ, ದೇವ್ರು ಬದ್ಲಾದ್ನಾ?" ಎಂದು ಯಾರೋ ಕೂಗಿದರು. ಭವನವೆಲ್ಲ ನಕ್ಕಿತು. "ಲೈಬ್ರರೀಲಿ ನಿದ್ದೆ ಮಾಡ್ಕಂಡು ಬರುದ್ರೆ ಇಂಗೇ ಆಯ್ತದೆ" ಎಂದ ಇನ್ನೊಬ್ಬ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಅವತ್ತು ತಲೆ ತಗ್ಗಿಸಿ, "ಊ ಕಣಣ್ಣ, ನಿದ್ದೆಗಣ್ಣಲ್ಲಿ ಬರ್ದೆ" ಎಂದೆ. ಅಧ್ಯಕ್ಷೆಯ ಯಜಮಾನರು ವಾಚು ನೋಡಿಕೊಂಡು, ಅದೆಲ್ಲ ಈಗ ಆಗುವುದಿಲ್ಲ, ಬೋರ್ಡಿನವನು ಬಂದು ಕೂತಿದ್ದಾನೆ ಎಂದರು.

ಆಗ ಅಧ್ಯಕ್ಷೆ ಮಾತಾಡಿದರು. ಅವರ ದನಿ ಕೇಳಿ ಬಹಳ ಜನ ತಿರುಗಿ ನೋಡಿದರು. "ಓಗ್ಬರ್ಲಿ ಬುಡಿ. ಬೋರ್ಡೇನು ಓಡೋಗಾಕಿಲ್ಲ." ಯಜಮಾನರು ಬಗ್ಗಿ ಏನೋ ಹೇಳಹೋದರು. ಅವರು ಗಂಡನ ಕಡೆ ನೋಡಲೇ ಇಲ್ಲ. ಇದೇ ಸಮಯ ಎಂದು ನಾನು ಇನ್ನೊಂದು ಕೇಳಿದೆ: ಹೊಸ ಪಟ್ಟಿಯ ಹೆಸರುಗಳನ್ನು ಸಭೆಯಲ್ಲಿ ಓದಬಾರದು, ಮನೆ ಎಷ್ಟು ಎಂದು ಮಾತ್ರ ಓದಬೇಕು. ಪಿಡಿಓ ಸಾಹೇಬರು ನಿಯಮ ಎಂದರು. ಅಧ್ಯಕ್ಷೆ, "ಎಣ್ಮಕ್ಳು ಒಟ್ಟೆ ಇಸ್ಯ ಮೈಕಲ್ಲಿ ಓದೋ ನೇಮ ಯಾವ್ದು ಸಾರ್?" ಎಂದರು. ಅಲ್ಲಿಗೆ ಮುಗಿಯಿತು. ಬಾಗಿಲ ಕಡೆ ನೋಡಿದೆ, ಅಕ್ಕ ಹೋಗಿಬಿಟ್ಟಿದ್ದರು.

ಎರಡನೇ ಸುತ್ತಿಗೆ ಟ್ಯಾಬು ತೆಗೆದುಕೊಂಡು ಹೋಗಲಿಲ್ಲ, ಒಂದು ನೋಟ್‌ಬುಕ್ಕು ಹಿಡಿದುಕೊಂಡೆ. ಊಟ ಬಿಟ್ಟಿದ್ದೀರಾ ಎಂದು ಯಾರನ್ನೂ ಕೇಳಲಿಲ್ಲ. ಉಮ್ಮತ್ತೂರಿನ ಬಸ್ಸಿನಲ್ಲಿ ಹೊಳೆದ ಪ್ರಶ್ನೆಯೊಂದಿತ್ತು, ಅದನ್ನೇ ಎಲ್ಲ ಮನೆಯಲ್ಲೂ ಕೇಳಿದೆ. ನೆನ್ನೆ ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು? ಅವರು ಕೂತಾಗ ಪಾತ್ರೆಯಲ್ಲಿ ಏನು ಉಳಿದಿತ್ತು? ಈ ಪ್ರಶ್ನೆಗೆ ಹೊಸಿಲ ಮರ್ಯಾದೆಯ ಉತ್ತರ ಯಾರ ಬಳಿಯೂ ಸಿದ್ಧವಿರಲಿಲ್ಲ. ಹೆಂಗಸರು ಮೊದಲು ನಕ್ಕರು. ಆಮೇಲೆ ನೆನಪು ಮಾಡಿಕೊಂಡರು. ನೆನಪಾಗುತ್ತಾ ಆಗುತ್ತಾ ಕೆಲವರ ಮುಖ ಬದಲಾಯಿತು. ಒಬ್ಬ ಗಂಡಸು ಹೆಂಡತಿಯ ಉತ್ತರ ಕೇಳಿಸಿಕೊಂಡು ಎದ್ದು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ವಾಪಸು ಬರಲಿಲ್ಲ. ಎಷ್ಟು ಮನೆ ಬಂದವು ಎಂದು ಇಲ್ಲಿ ಬರೆಯುವುದಿಲ್ಲ. ಬೋರ್ಡು ಬರೆಯುವವನನ್ನು ಗುಂಡ್ಲುಪೇಟೆಗೆ ವಾಪಸು ಕಳಿಸುವಷ್ಟು ಬಂದವು. ಆ ಮನೆಗಳಿಗೆಲ್ಲ ವಾರದೊಳಗೆ ಅಕ್ಕಿ, ರಾಗಿ ಹೋಯಿತು. ದೊಡ್ಡ ಕಾರ್ಡು ಬರುವ ಹೊತ್ತಿಗೆ ಮಳೆಗಾಲವೇ ಮುಗಿಯುತ್ತಾ ಬಂದಿತ್ತು, ಅಷ್ಟರಲ್ಲಿ ಅಕ್ಕನ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿ ಮೂರು ತಿಂಗಳಾಗಿತ್ತು.

ಅಕ್ಕನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೆದರಿಕೆ, ಇನ್ನೇನು. ಭಾನುವಾರ ಮಧ್ಯಾಹ್ನ ಒಂದೂವರೆಗೆ ಹೋದೆ. ಅಕ್ಕ ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮಗಳು ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಆ ಹೊಟ್ಟೆ ಹೊತ್ತುಕೊಂಡು ಬಗ್ಗಲಾರದೆ ಕೋಲನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಅಕ್ಕ ಬಿಡು ನಾನು ಮಾಡುತ್ತೇನೆ ಎಂದರೂ ಬಿಟ್ಟಿರಲಿಲ್ಲವಂತೆ.

ನಾನು ಹೊಸಿಲ ಮೇಲೇ ಕೂತೆ. "ನೆನ್ನೆ ಕೊನೆಗೆ ಉಂಡೋರು ಯಾರಕ್ಕ?"

"ನಾನೇ."

"ಯಾನ ಉಳ್ದಿತ್ತು?"

ಅಕ್ಕ ಗೋಡೆ ನೋಡಿದರು. "ಸೊಪ್ಪಿನ್ ಸಾರಿತ್ತು."

"ಮುದ್ದೆ?"

ಒಲೆಯಲ್ಲಿ ಕಟ್ಟಿಗೆ ಸರಿಸುತ್ತಿದ್ದ ಮಗಳ ಕೈ ನಿಂತಿತು. ಅಕ್ಕ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಆ ಸಭೆಯಲ್ಲಿ ನಾನು ನಗೆಪಾಟಲಾದದ್ದು ಅವರ ಕಣ್ಣಿಗೆ ಬಿದ್ದಿತ್ತೋ ಏನೋ, ಗೊತ್ತಿಲ್ಲ. ಬಹಳ ಮೆಲ್ಲಗೆ "ಇಲ್ಲ" ಎಂದರು. ನೂರಾರು ಮಕ್ಕಳಿಗೆ ಊಟ ಹಾಕಿದ ಹೆಂಗಸು ಆ ಒಂದು ಮಾತು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಬರ್ಕ" ಎಂದರು ಸೆರಗಿನೊಳಗಿನಿಂದಲೇ. "ನನ್ನೆಸ್ರಲ್ಲಿ ಬರ್ಕ. ಇವ್ಳೆಸ್ರು ಬ್ಯಾಡ."

ಬರೆದುಕೊಂಡೆ. ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. ಎದ್ದು ಹೋಗಬೇಕಿತ್ತು, ಊಟದ ಹೊತ್ತಿನಲ್ಲಿ ಬೇರೆಯವರ ಹೊಸಿಲಲ್ಲಿ ಕೂರಬಾರದು ಎಂದು ನನಗೂ ಗೊತ್ತು. ಏಳಲು ಆಗಲಿಲ್ಲ.

ಮಗಳು ಗೋಡೆ ಹಿಡಿದುಕೊಂಡು ಎದ್ದಳು. ಒಂದು ತಟ್ಟೆ ತಂದು ಅವ್ವನ ಮುಂದೆ ಇಟ್ಟಳು, ಮೊದಲು ಅವ್ವನ ಮುಂದೆ. ಮುದ್ದೆಯ ಪಾತ್ರೆಗೆ ಬಟ್ಟೆ ಸುತ್ತಿ ಸೊಂಟಕ್ಕೆ ಒತ್ತಿಕೊಂಡು ಬಂದು ನಿಂತಳು. ಅಕ್ಕ ಅಭ್ಯಾಸಬಲದಿಂದ ತಟ್ಟೆಯ ಮೇಲೆ ಅಡ್ಡ ಕೈ ಹಿಡಿದು, "ನಂಗ್ ಬ್ಯಾಡ ಕಣವ್ವ, ನೀ ಉಣ್ಣು, ನಂಗೆ ಇವತ್ತು" ಎಂದು ಶುರು ಮಾಡಿದರು. ಇವತ್ತು ಯಾವ ದೇವರದೆಂದು ಬಾಯಿಗೆ ಬರಲಿಲ್ಲ, ಅಲ್ಲಿಗೇ ನಿಲ್ಲಿಸಿದರು. ಕೈ ಮಾತ್ರ ತಟ್ಟೆಯ ಮೇಲೇ ಇತ್ತು.

"ಕೈ ತಗಿಯವ್ವ" ಎಂದಳು ಮಗಳು.

ಅಕ್ಕ ತೆಗೆಯಲಿಲ್ಲ. ಮಗಳು ಬಿಸಿ ಪಾತ್ರೆ ಹಿಡಿದು ಹಾಗೇ ನಿಂತಳು. ಅವಳಿಗೆ ನಿಲ್ಲುವುದು ಕಷ್ಟ, ಉಸಿರು ಎಳೆದುಕೊಳ್ಳುತ್ತಿದ್ದಳು. ಆದರೂ ಕೂರಲಿಲ್ಲ, ಎರಡನೇ ಸಲ ಹೇಳಲೂ ಇಲ್ಲ. ಬಡಿಸುವವರು ಕಾದು ನಿಲ್ಲುವುದನ್ನು ಅವಳು ಅವ್ವನಿಂದಲೇ ಕಲಿತಿರಬೇಕು.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಕೈ ತೆಗೆದರು.